ಗೆಳೆಯನಿಗೊಂದು ಪತ್ರ: ದಿಗಂತದ ಆಳವೂ ಅಂಚಿನ ಬಿಸಿಯೂ

ಪ್ರಿಯ ಗೆಳೆಯಾ,

ಗುರುತ್ವವೇ ಇಲ್ಲದ ಕ್ವಾಂಟಂ ಸಿದ್ಧಾಂತದ ಬಿಸಿಗೂ ಐದು ಆಯಾಮದ ಕಪ್ಪುಕುಳಿಗೂ ಏನು ನಂಟು ಎಂದು ಕೇಳಿದ್ದೆ. ಕಾಗದ, ಪೆನ್ಸಿಲ್ ಇಟ್ಟುಕೊಂಡೇ ಓದು.

ನಮ್ಮ ಸಿದ್ಧಾಂತ ಆಂಟಿ-ಡಿ ಸಿಟರ್ ಅವಕಾಶದ (ಋಣ ಬಾಗುವಿಕೆಯ ದೇಶಕಾಲದ) ಅಂಚಿನಲ್ಲಿದೆ. ಒಳಗಿನ ಗುರುತ್ವವೂ ಅಂಚಿನ ಸಿದ್ಧಾಂತವೂ ಒಂದೇ ಕತೆಯ ಎರಡು ಭಾಷೆ: ಒಳಗೆ ಕಪ್ಪುಕುಳಿ ಇದ್ದರೆ ಅಂಚಿನಲ್ಲಿ ಬಿಸಿ ದ್ರವ. ಅಂಚಿನಿಂದ ಒಳಕ್ಕೆ ಅಳೆದ ಆಳವನ್ನು ದಿಗಂತದ (ಕಪ್ಪುಕುಳಿಯೊಳಗಿಂದ ಬೆಳಕೂ ಮರಳದ ಗಡಿಯ) ಆಳದಿಂದ ಭಾಗಿಸಿ ‘ಉ’ ಎನ್ನೋಣ. ದೇಶಕಾಲದಲ್ಲಿ ಅಂತರ ಅಳೆಯುವ ಸೂತ್ರದ ಕಾಲದ ಪದಕ್ಕೆ 1 − ಉ⁴ ಎಂಬ ಗುಣಕವಿದೆ. ಅದು ಸೊನ್ನೆಯಾಗುವ ಜಾಗವೇ ದಿಗಂತ. ಕಾಲವನ್ನು ಕಾಲ್ಪನಿಕವಾಗಿಸು (ಐ, ಅಂದರೆ −1ರ ವರ್ಗಮೂಲ, ಸೇರಿಸಿ ಬರೆ). ಆಗ ದಿಗಂತದ ಬಳಿ ಕಾಲ, ಆಳ ಎರಡೂ ಸೇರಿ ಒಂದು ತಟ್ಟೆಯಾಗುತ್ತವೆ. ಸುತ್ತಳತೆ ತಪ್ಪಿದರೆ ತಟ್ಟೆ ಕಡಲೆಕಾಯಿ ಪೊಟ್ಟಣದಂತೆ ಮೊನಚಾಗುತ್ತದೆ. ಮೊನೆ ಹೋಗಬೇಕಾದರೆ ಕಾಲದ ಆವರ್ತ ಪೈ × ದಿಗಂತದ ಆಳ ಆಗಿರಲೇಬೇಕು. ಅದರ ವ್ಯುತ್ಕ್ರಮವೇ ತಾಪಮಾನ (ಎಲ್ಲ ಸ್ಥಿರಾಂಕಗಳೂ 1). ದಿಗಂತ ಅಂಚಿನ ಹತ್ತಿರ ಬಂದಷ್ಟೂ ಬಿಸಿ ಹೆಚ್ಚು.

ದಿಗಂತದ ವಿಸ್ತೀರ್ಣದಿಂದ ಎಂಟ್ರೊಪಿ (ಅವ್ಯವಸ್ಥೆಯ ಅಳತೆ) ತೆಗೆದರೆ, ಪರಸ್ಪರ ಸೆಳೆತವಿಲ್ಲದ ಕಣಗಳ ಲೆಕ್ಕದ ಮುಕ್ಕಾಲು ಪಾಲು ಬರುತ್ತದೆ. ತಪ್ಪು ಹುಡುಕಲು ಹೋಗಬೇಡ, ಪ್ರಬಲ ಸೆಳೆತದ ಉತ್ತರವೇ ಅದು.

ನನಗೆ ಇದಕ್ಕಿಂತ ಚೆಂದ ಕಾಣುವುದು ಕದಡಿದ ದ್ರವ ತಣ್ಣಗೆ ಸಮಸ್ಥಿತಿಗೆ ಮರಳುವ ಬಗೆ. ಕಪ್ಪುಕುಳಿಯನ್ನು ತಟ್ಟಿದರೆ ಅದು ಗಂಟೆಯಂತೆ ಮಿಡಿದು ಅಡಗುತ್ತದೆಂದು 1970ರಲ್ಲಿ ತೋರಿಸಿದವರು ನಮ್ಮ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. ಅವರು ನೋಡಿದ್ದು ಶ್ವಾರ್ಜ್‌ಶಿಲ್ಡ್ ಕುಳಿಯನ್ನು, ಅಂದರೆ ತಿರುಗದ, ವಿದ್ಯುದಾವೇಶವಿಲ್ಲದ ಕಪ್ಪುಕುಳಿಯನ್ನು. ಇಲ್ಲಿ ಅದೇ ಮಿಡಿತ ಅಂಚಿನ ದ್ರವ ಸಮಸ್ಥಿತಿಗೆ ಮರಳುವ ವೇಗವನ್ನು ಹೇಳುತ್ತದೆ.

ನೀನೇ ಲೆಕ್ಕ ಹಾಕು. ಆ ಮಿಡಿತಕ್ಕೆ ಸರಳ ಮಾದರಿ: ದ್ರವ್ಯರಾಶಿಯಿಲ್ಲದ ಸ್ಕೇಲಾರ್ ಕ್ಷೇತ್ರ (ಪ್ರತಿ ಬಿಂದುವಿಗೂ ದಿಕ್ಕಿಲ್ಲದ ಒಂದೇ ಸಂಖ್ಯೆ), ಸೊನ್ನೆ ಸಂವೇಗ. ಒಳಮುಖ ಎಡಿಂಗ್ಟನ್-ಫಿಂಕೆಲ್‌ಸ್ಟೈನ್ ಕಾಲ (ಒಳಕ್ಕೆ ಬೀಳುವ ಬೆಳಕಿಗೆ ಹೊಂದಿಸಿದ ಕಾಲ) ಬಳಸು: ದಿಗಂತದೊಳಕ್ಕೆ ಬೀಳುವ ಅಲೆ ಅದರಲ್ಲಿ ನುಣುಪಾಗಿರುತ್ತದೆ, ಹೊರಬರುವ ಅಲೆ ಹಾಗಿರುವುದಿಲ್ಲ, ತಾನಾಗಿ ಸೋಸಿಹೋಗುತ್ತದೆ. ಸಮೀಕರಣದಲ್ಲಿ ಆವೃತ್ತಿಯೂ ಮೊದಲ ಘಾತದಲ್ಲಷ್ಟೇ ಉಳಿಯುತ್ತದೆ. ಹಳೆಯ ಕಾಲವನ್ನೇ ಇಟ್ಟುಕೊಂಡರೆ ದಿಗಂತದ ಬಳಿ ಅಲೆ ಕೊನೆಯಿಲ್ಲದೆ ತೂಗಾಡುತ್ತದೆ, ಲೆಕ್ಕದ ಬಿಂದುಗಳ ಯಾವ ಜಾಲಕ್ಕೂ ಸಿಗುವುದಿಲ್ಲ. ಕ್ಷೇತ್ರದಿಂದ ಉ⁴ ಹೊರತೆಗೆ. ಅಂಚಿನಲ್ಲಿ ಮೂಲವಿಲ್ಲ (ಹೊರಗಿನಿಂದ ಯಾರೂ ಕದಡುತ್ತಿಲ್ಲ) ಎಂಬ ಷರತ್ತು ಅದರಿಂದಲೇ ಈಡೇರುತ್ತದೆ. ಉಳಿದದ್ದನ್ನು 40 ಚೆಬಿಶೆವ್ ಬಿಂದುಗಳ (ತುದಿಗಳ ಬಳಿ ಒತ್ತಾದ ಬಿಂದುಗಳ) ಮೇಲಿಟ್ಟು ಐಗನ್‌ಮೌಲ್ಯ, ಅಂದರೆ ಸಮೀಕರಣ ಒಪ್ಪುವ ಆವೃತ್ತಿಗಳನ್ನು, ತೆಗೆ, ಮತ್ತೆ 60 ಬಿಂದುಗಳಲ್ಲಿ ತೆಗೆ. ಎರಡರಲ್ಲೂ ಜಾಗ ಬಿಟ್ಟು ಕದಲದವು ಮಾತ್ರ ನಿಜ. ಮಿಕ್ಕವು ಜಾಲದ ಕಸ.

ಆವೃತ್ತಿಗಳ ಮೊದಲ ಜೋಡಿ, ಪೈ × ತಾಪಮಾನದ ಅಳತೆಯಲ್ಲಿ, ±3.119 − 2.747ಐ. ಅದರ ಅರ್ಧ ಬಂದರೆ ನೀನು 2 ಪೈಯಿಂದ ಭಾಗಿಸಿದ್ದೀಯ. ಕಾಲ್ಪನಿಕ ಭಾಗ ಧನವಾದರೆ ಕಾಲದ ಚಿಹ್ನೆ ತಿರುಗಿದೆ. ಅಲುಗಾಟ 2.7ರಷ್ಟು ಪಟ್ಟು ಕುಗ್ಗಲು ಹಿಡಿಯುವ ಕಾಲ, 0.116 ÷ ತಾಪಮಾನ.

ಎರಡನೆಯ ಜೋಡಿ ಎಷ್ಟು ಬಂತು, ಬರೆದು ಕಳಿಸು.

ನಿನ್ನ ಗೆಳೆಯ