ಶನಿವಾರದ ಮ್ಯಾಚ್‌ಗೆ ಮುಂಚೆ ಅಪ್ಪನಿಗೊಂದು ಪತ್ರ

ಬ್ಲೂಮಿಂಗ್ಟನ್, ಇಂಡಿಯಾನಾ
20 ನವೆಂಬರ್ 2024

ಪ್ರೀತಿಯ ಅಪ್ಪನಿಗೆ, ಅವ್ವನಿಗೆ ನಮಸ್ಕಾರಗಳು.

ನಾವಿಬ್ಬರೂ ಆರಾಮಾಗಿದ್ದೇವೆ. ಇಲ್ಲಿ ಚಳಿ ಶುರುವಾಗಿದೆ. ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ ಇನ್ನೂ ಅರ್ಧ ಡಬ್ಬಿ ಉಳಿದಿದೆ. ಈ ಪತ್ರವನ್ನು ಅಂಚೆಗೆ ಹಾಕಿದರೆ ಮ್ಯಾಚ್ ಮುಗಿದು ಎಷ್ಟೋ ದಿನಕ್ಕೆ ನಿಮ್ಮ ಕೈ ಸೇರುತ್ತದೆ. ಅದಕ್ಕೇ ಹಾಳೆಗಳ ಫೋಟೋ ತೆಗೆದು ತಮ್ಮನ ವಾಟ್ಸಾಪ್‌ಗೆ ಕಳಿಸುತ್ತಿದ್ದೇನೆ. ಅವನು ಓದಿ ಹೇಳಲಿ.

ಮೊನ್ನೆ ವಿಡಿಯೋ ಕಾಲ್‌ನಲ್ಲಿ ನೀವು ಕೇಳಿದಿರಲ್ಲ, "ಅದೇನವ್ವ, ಮಂದಿ ಎಲ್ಲಾ ಕೆಂಪಂಗಿ ಹಾಕ್ಕೊಂಡು ತಿರಗಲತ್ತಾರ?" ಅಂತ. ಆಗ ಬಸ್ ಬಂತು, ಸರಿಯಾಗಿ ಹೇಳಲು ಆಗಲಿಲ್ಲ. ಈಗ ಹೇಳುತ್ತೇನೆ.

ಅದು ನಮ್ಮ ಇಂಡಿಯಾನಾ ಯೂನಿವರ್ಸಿಟಿಯ ಫುಟ್‌ಬಾಲ್ ಟೀಮಿನ ಬಣ್ಣ. ನಾವು ನೋಡುವ ಕಾಲಿನ ಆಟ ಅಲ್ಲ ಇದು. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಎಸೆಯುವುದು. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಆಗದಿದ್ದರೆ ಚೆಂಡು ಎದುರಿನವರ ಪಾಲು. ಇಷ್ಟು ಗೊತ್ತಾದರೆ ಸಾಕು, ಉಳಿದದ್ದು ನೋಡುತ್ತಾ ನೋಡುತ್ತಾ ತಿಳಿಯುತ್ತದೆ. ಕಾಲೇಜು ಮ್ಯಾಚ್ ಅಂದರೆ ಮೈದಾನದ ಸುತ್ತ ನಿಂತ ಐವತ್ತು ಹುಡುಗರು ಅಂದುಕೊಳ್ಳಬೇಡಿ. ನಮ್ಮ ಸ್ಟೇಡಿಯಂನಲ್ಲೇ ಐವತ್ತು ಸಾವಿರಕ್ಕೂ ಜಾಸ್ತಿ ಮಂದಿ ಕೂರುತ್ತಾರೆ. ಈ ಶನಿವಾರ ನಮ್ಮ ಟೀಮ್ ಹೋಗುತ್ತಿರುವುದು ಕೊಲಂಬಸ್‌ಗೆ, ಒಹಾಯೊ ಸ್ಟೇಟ್ ಯೂನಿವರ್ಸಿಟಿ ಮೇಲೆ ಆಡಲು. ಅಲ್ಲಿ ಲಕ್ಷಕ್ಕೂ ಮೇಲೆ. ಚಿನ್ನಸ್ವಾಮಿ ಸ್ಟೇಡಿಯಂ ಎರಡು ಸಲ ತುಂಬಿದರೂ ಇನ್ನೂ ಮಂದಿ ಮಿಗುತ್ತಾರೆ.

ಇಂಡಿಯಾನಾ ಅಂದರೆ ಬ್ಯಾಸ್ಕೆಟ್‌ಬಾಲ್ ನಾಡು. ಆ ಆಟದಲ್ಲಿ ಇವರು ಐದು ಸಲ ದೇಶ ಗೆದ್ದಿದ್ದಾರೆ. ಫುಟ್‌ಬಾಲ್‌ನಲ್ಲಿ ಮಾತ್ರ ಬರೀ ಸೋಲು. ದೊಡ್ಡ ಕಾಲೇಜು ಟೀಮುಗಳಲ್ಲಿ ಇದುವರೆಗೆ ಎಲ್ಲರಿಗಿಂತ ಹೆಚ್ಚು ಮ್ಯಾಚ್ ಸೋತ ಟೀಮ್ ಇದೇ. 700ಕ್ಕೂ ಮೇಲೆ! ಹೋದ ವರ್ಷ 12ರಲ್ಲಿ ಗೆದ್ದದ್ದು ಮೂರೇ. ಈ ವರ್ಷ ಆಡಿದ್ದು 10, ಗೆದ್ದದ್ದು 10. ಒಂದೇ ಸೀಸನ್‌ನಲ್ಲಿ ಹತ್ತು ಗೆಲುವು ಇವರ ಚರಿತ್ರೆಯಲ್ಲಿ ಹಿಂದೆಂದೂ ಆಗಿರಲಿಲ್ಲ.

ಕೋಚ್ ಹೊಸಬರು. ಕರ್ಟ್ ಸಿಗ್ನೆಟ್ಟಿ, 63 ವರ್ಷ. ಇವರ ಕಥೆ ನಿಮಗೆ ಹಿಡಿಸುತ್ತದೆ ಅಪ್ಪಾ. ಅಲಬಾಮಾ ಅನ್ನುವ ಬಹಳ ದೊಡ್ಡ ಟೀಮಿನಲ್ಲಿ ಸಹಾಯಕ ಕೋಚ್ ಆಗಿದ್ದರು. ಐವತ್ತರ ಹತ್ತಿರ ಬಂದಾಗ ಅದನ್ನು ಬಿಟ್ಟು, ಕಡಿಮೆ ಸಂಬಳಕ್ಕೆ, ಪೆನ್ಸಿಲ್ವೇನಿಯಾದ ಒಂದು ಚಿಕ್ಕ ಕಾಲೇಜಿಗೆ ಮುಖ್ಯ ಕೋಚ್ ಆಗಿ ಹೋದರು. ಅಲ್ಲಿ ಇವರ ತಂದೆಯೇ ಎಷ್ಟೋ ವರ್ಷ ಕೋಚ್ ಆಗಿದ್ದರು. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ ಇಲ್ಲಿಗೆ ಬಂದಿದ್ದಾರೆ. ಮುಖ್ಯ ಕೋಚ್ ಆದ ಮೇಲೆ ಗೆಲುವಿಗಿಂತ ಸೋಲು ಜಾಸ್ತಿ ಆದ ಸೀಸನ್ ಒಂದೂ ಇಲ್ಲ. ಬರುವಾಗ ತಮ್ಮ ಹಳೇ ಟೀಮ್ ಜೇಮ್ಸ್ ಮ್ಯಾಡಿಸನ್‌ನ ಹತ್ತಾರು ಹುಡುಗರನ್ನೂ ಕರೆತಂದರು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಕರ್ಟಿಸ್ ರೋರ್ಕ್ ಕೆನಡಾದವನು. ಅಕ್ಟೋಬರ್‌ನಲ್ಲಿ ಅವನ ಹೆಬ್ಬೆರಳಿಗೆ ಪೆಟ್ಟಾಯಿತು. ಊರಿಗೆ ಊರೇ ಆ ಹೆಬ್ಬೆರಳಿನ ಬಗ್ಗೆ ಮಾತಾಡಿತು. ಒಂದೇ ಮ್ಯಾಚ್ ಬಿಟ್ಟು ವಾಪಸ್ ಬಂದ.

ಪಕ್ಕದ ಮನೆ ಅಜ್ಜ ನಿಮಗೆ ಗೊತ್ತಲ್ಲ, ಹಿಮ ಬಿದ್ದಾಗ ನಮ್ಮ ಬಾಗಿಲ ಮುಂದಿನದನ್ನೂ ಸಲಿಕೆಯಿಂದ ತೆಗೆಯುವವರು. ನವೆಂಬರ್ 9ಕ್ಕೆ ಮಿಶಿಗನ್ ಮೇಲಿನ ಮ್ಯಾಚ್‌ಗೆ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಸ್ಟೇಡಿಯಂ ಹೊರಗಿನ ಬಯಲಲ್ಲಿ ಜಾತ್ರೆಯಂತೆ ಮಂದಿ. ಗಾಡಿಗಳ ಹಿಂದೆ ಒಲೆ ಹೂಡಿ ಅಡುಗೆ ಮಾಡುತ್ತಾರೆ, ಬಂದವರಿಗೆಲ್ಲ ಕೊಡುತ್ತಾರೆ. ನಾನು ಶೇಂಗಾ ಹೋಳಿಗೆ ಮಾಡಿಕೊಂಡು ಹೋಗಿದ್ದೆ. ಅಜ್ಜ ಎರಡು ತಿಂದು, ಮೂರನೆಯದನ್ನು ಕರವಸ್ತ್ರದಲ್ಲಿ ಸುತ್ತಿ ಕೋಟಿನ ಜೇಬಿಗೆ ಇಟ್ಟುಕೊಂಡರು.

ಒಳಗೆ ಆಟಗಾರರು ಮೈದಾನಕ್ಕೆ ಬರುವ ದಾರಿಯಲ್ಲಿ ಒಂದು ದೊಡ್ಡ ಕಲ್ಲು ಇದೆ. ಸುಣ್ಣಕಲ್ಲು. ಟೆರಿ ಹೆಪ್ನರ್ ಅನ್ನುವ ಕೋಚ್ 2005ರಲ್ಲಿ ಅದನ್ನು ಅಲ್ಲಿ ಇಡಿಸಿದರು. ಎರಡೇ ವರ್ಷಕ್ಕೆ ಮಿದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಇವತ್ತಿಗೂ ಪ್ರತಿಯೊಬ್ಬ ಹುಡುಗ ಆ ಕಲ್ಲು ಮುಟ್ಟಿಯೇ ಒಳಗೆ ಓಡುತ್ತಾನೆ. ನಾವು ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡುವ ಹಾಗೆ. ನನಗೆ ಆ ಕ್ಷಣ ನಮ್ಮ ಶಹಾಬಾದ್ ನೆನಪಾಯಿತು. ಈ ಊರೂ ಕಲ್ಲಿನ ಖಣಿಗಳ ಊರೇ. ನ್ಯೂಯಾರ್ಕ್‌ನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಕಲ್ಲು ಹೋದದ್ದು ಇಲ್ಲಿಂದಲೇ. ನಮ್ಮ ಫರ್ಸಿಯಂತೆ ಹಾಳೆಹಾಳೆಯಾಗಿ ಏಳುವುದಿಲ್ಲ, ದಪ್ಪ ದಪ್ಪ ತುಂಡಾಗಿ ಕೊಯ್ಯುತ್ತಾರೆ. ಬಣ್ಣವೂ ಬೇರೆ, ಕೆನೆ ಬಣ್ಣ. ಬಂದ ಮೊದಲ ವಾರ ಯೂನಿವರ್ಸಿಟಿಯ ಗೋಡೆಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ಅವತ್ತು ಮೊದಲರ್ಧಕ್ಕೆ ನಾವು 17-3 ಮುಂದಿದ್ದೆವು. ಆಮೇಲೆ ನಮ್ಮ ಹುಡುಗರ ಕಾಲೇ ಏಳಲಿಲ್ಲ. ಮಿಶಿಗನ್ 17-15ರವರೆಗೆ ಬಂತು. ಎದ್ದು ನಿಂತ ಮಂದಿ ಕೂರಲೇ ಇಲ್ಲ. ಅಜ್ಜ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದರು. ಅವರ ಉಣ್ಣೆಯ ಕೈಗವಸು ಒದ್ದೆಯಾಗಿತ್ತು. 20-15ಕ್ಕೆ ಗೆದ್ದಾಗ ಅವರ ಬಾಯಿಂದ ಮಾತೇ ಬರಲಿಲ್ಲ. ಅವರು ಇಲ್ಲಿ ವಿದ್ಯಾರ್ಥಿಯಾಗಿದ್ದಾಗ, 1967ರಲ್ಲಿ, ಟೀಮ್ ರೋಸ್ ಬೌಲ್ ಅನ್ನುವ ಹೆಸರಾಂತ ಮ್ಯಾಚ್‌ವರೆಗೆ ಹೋಗಿತ್ತಂತೆ. ಅದೊಂದೇ ಸಲ. ಅಂದಿನಿಂದ ಕಾಯುತ್ತಿದ್ದಾರೆ.

ಈಗ ದೇಶದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಪ್ಲೇಆಫ್ ವಿಷಯಕ್ಕೆ ಬರುತ್ತೇನೆ. ಮೇ 18 ನೆನಪಿದೆಯಲ್ಲ ಅಪ್ಪಾ? ನಾನು ರಜೆಗೆ ಬಂದಿದ್ದೆ. ಚೆನ್ನೈ ಮೇಲೆ ಆರ್‌ಸಿಬಿ 18 ರನ್‌ನಿಂದ ಗೆದ್ದರೆ ಮಾತ್ರ ಒಳಗೆ. ನೀವು ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲ್‌ನಿಂದ ಲೆಕ್ಕ ಬರೆದಿಟ್ಟುಕೊಂಡಿದ್ದಿರಿ. ಕೊನೆ ಓವರ್‌ನಲ್ಲಿ ಧೋನಿ ಸಿಕ್ಸ್ ಹೊಡೆದಾಗ ಪೆನ್ಸಿಲ್ ಕೆಳಗಿಟ್ಟಿರಿ, ಮರು ಚೆಂಡಿಗೆ ಔಟಾದಾಗ ಮತ್ತೆ ಎತ್ತಿಕೊಂಡಿರಿ. 27 ರನ್‌ನಿಂದ ಗೆದ್ದೆವು. ಮೊದಲ ಎಂಟರಲ್ಲಿ ಏಳು ಸೋತ ಟೀಮ್!

ಅಲ್ಲಿ ಲೆಕ್ಕ ಇತ್ತು. ಇಲ್ಲಿ ಆ ಥರ ಲೆಕ್ಕ ಇಲ್ಲ. ದೊಡ್ಡ ಟೀಮುಗಳೇ 134. ಎಲ್ಲರೂ ಎಲ್ಲರ ಮೇಲೆ ಆಡಲು ಸಾಧ್ಯವೇ ಇಲ್ಲ. ಒಬ್ಬೊಬ್ಬರಿಗೂ ಹನ್ನೆರಡು ಮ್ಯಾಚ್, ಅಷ್ಟೆ. ಹಾಗಾಗಿ 13 ಜನರ ಒಂದು ಸಮಿತಿ ಟೆಕ್ಸಾಸ್‌ನ ಒಂದು ಹೋಟೆಲ್‌ನಲ್ಲಿ ಕೂತು, ಯಾರು ಮೇಲೆ ಯಾರು ಕೆಳಗೆ ಅಂತ ಈಗ ವಾರವಾರ ಪಟ್ಟಿ ಮಾಡುತ್ತದೆ. ಹೋದ ವರ್ಷದವರೆಗೆ ಪ್ಲೇಆಫ್‌ಗೆ ನಾಲ್ಕೇ ಟೀಮ್ ಹೋಗುತ್ತಿದ್ದವು. ಈ ವರ್ಷದಿಂದ ಹನ್ನೆರಡು. ಈ ಟೀಮುಗಳೆಲ್ಲ ಬೇರೆ ಬೇರೆ ಗುಂಪುಗಳಲ್ಲಿ ಆಡುತ್ತವೆ. ಐದು ಜಾಗ ಹಾಗೆ ಗುಂಪು ಗೆದ್ದವರಿಗೆ. ಉಳಿದ ಏಳು ಜಾಗಕ್ಕೆ ಸಮಿತಿಯ ಪಟ್ಟಿಯೇ ಗತಿ. ಕೊನೆಯ ಪಟ್ಟಿ ಡಿಸೆಂಬರ್ 8ಕ್ಕೆ.

ನಿನ್ನೆ ರಾತ್ರಿಯ ಪಟ್ಟಿಯಲ್ಲಿ ಒಹಾಯೊ ಸ್ಟೇಟ್ ಎರಡನೆಯದು, ನಾವು ಐದನೆಯವರು. ಶನಿವಾರ ಗೆದ್ದು, ಮುಂದಿನ ವಾರ ಪರ್ಡೂ ಮೇಲೂ ಗೆದ್ದರೆ, ಇಂಡಿಯಾನಾಪೊಲಿಸ್‌ನಲ್ಲಿ ನಮ್ಮ ಗುಂಪಿನ ಫೈನಲ್. ಅದನ್ನೂ ಗೆದ್ದರೆ ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಕೊಲಂಬಸ್‌ನಲ್ಲಿ ನಾವು ಗೆದ್ದು 37 ವರ್ಷ ಆಯಿತು. 1987ರಲ್ಲಿ ಗೆದ್ದದ್ದೇ ಕೊನೆ.

ಆದ್ದರಿಂದ ಇಡೀ ಊರಿನ ತಲೆಯಲ್ಲಿ ಒಂದೇ ಪ್ರಶ್ನೆ. ಸೋತರೆ ಏನು? ಲ್ಯಾಬ್‌ನಲ್ಲಿ, ಬಸ್‌ಸ್ಟಾಪಿನಲ್ಲಿ, ತರಕಾರಿ ಅಂಗಡಿಯ ಸಾಲಿನಲ್ಲಿ ಇದೇ ಮಾತು. ದಕ್ಷಿಣದ ರಾಜ್ಯಗಳ ಟೀಮುಗಳ ಅಭಿಮಾನಿಗಳು, "ಇಂಡಿಯಾನಾ ಯಾರನ್ನು ಸೋಲಿಸಿದೆ ಅಂತ?" ಎನ್ನುತ್ತಾರೆ. ಅಲಬಾಮಾ, ಜಾರ್ಜಿಯಾ, ಟೆನೆಸಿ ಎರಡೆರಡು ಸೋತಿದ್ದರೂ ಆಡಿದ್ದು ಗಟ್ಟಿ ಟೀಮುಗಳ ಮೇಲೆ ಎನ್ನುವುದು ಅವರ ವಾದ. ಅದರಲ್ಲಿ ಹುರುಳಿಲ್ಲ ಅನ್ನಲಾರೆ. ನಾವು ಸೋಲಿಸಿದ ಮಿಶಿಗನ್, ವಾಷಿಂಗ್ಟನ್ ಎರಡೂ ಹೋದ ಸೀಸನ್‌ನ ಫೈನಲ್ ಆಡಿದ ಟೀಮುಗಳು ನಿಜ. ಆದರೆ ಇಬ್ಬರಿಗೂ ಈಗ ಕೋಚ್ ಬೇರೆ, ಆಗಿನ ಎಷ್ಟೋ ಹುಡುಗರೂ ಇಲ್ಲ.

ಆದರೂ ನನಗೆ ಅನಿಸುವುದು ಇಷ್ಟು. ಮುಂದೆ ಬಂದವರ ಮೇಲೆಲ್ಲ ಆಡಿದ್ದಾರೆ, ಎಲ್ಲರನ್ನೂ ಸೋಲಿಸಿದ್ದಾರೆ. ನೆಬ್ರಾಸ್ಕಾ ಮೇಲೆ 56-7, ಮಿಶಿಗನ್ ಸ್ಟೇಟ್ ಮೇಲೆ ಅವರ ಊರಿನಲ್ಲೇ 47-10. ವೇಳಾಪಟ್ಟಿ ಮಾಡಿದ್ದು ಈ ಹುಡುಗರಲ್ಲ. ಹನ್ನೆರಡರಲ್ಲಿ ಹನ್ನೊಂದು ಗೆದ್ದ ಟೀಮನ್ನು ಹೊರಗಿಟ್ಟರೆ ಅದು ಅನ್ಯಾಯ. ಇಷ್ಟು ವರ್ಷ ಸೋತ ಹೆಸರು ಅನ್ನುವ ಕಾರಣಕ್ಕೆ ಈ ವರ್ಷದ ಗೆಲುವನ್ನು ಕಡಿಮೆ ತೂಗಬಾರದು, ಅಲ್ವಾ?

ಭಯ ಇರುವುದು ಸೋಲುವ ರೀತಿಯದು. ಐದಾರು ಅಂಕದಿಂದ ಸೋತರೆ ಯಾರೂ ಬೆರಳು ತೋರಿಸಲಾರರು. ಮೂವತ್ತು ಅಂಕದಿಂದ ಸೋತರೆ "ನಾವು ಹೇಳಿರಲಿಲ್ಲವೇ" ಎನ್ನುವವರು ಕಾದು ಕೂತಿದ್ದಾರೆ. ಲಕ್ಷ ಮಂದಿಯ ಗದ್ದಲದಲ್ಲಿ ರೋರ್ಕ್ ಕೂಗಿದ್ದು ತನ್ನ ಟೀಮಿನವರಿಗೇ ಕೇಳಿಸದು. ಕೈಸನ್ನೆಯಲ್ಲೇ ಆಡಬೇಕು. ಒಹಾಯೊ ಸ್ಟೇಟ್‌ನಲ್ಲಿ ಜೆರೆಮಾಯಾ ಸ್ಮಿತ್ ಅನ್ನುವ ಮೊದಲ ವರ್ಷದ ಹುಡುಗ ಇದ್ದಾನೆ, ಗಾಳಿಯಲ್ಲಿ ಬಂದ ಚೆಂಡನ್ನು ಒಂದೇ ಕೈಯಲ್ಲಿ ಕಿತ್ತುಕೊಳ್ಳುತ್ತಾನೆ. ನಮಗಿರುವ ಆಸರೆ ಅಂದರೆ ಅವರ ಕ್ವಾರ್ಟರ್‌ಬ್ಯಾಕ್‌ಗೆ ಎಡಬದಿಯಲ್ಲಿ ಕಾವಲು ನಿಲ್ಲುವ ಆಟಗಾರ ಅಕ್ಟೋಬರ್‌ನಿಂದ ಗಾಯವಾಗಿ ಹೊರಗಿದ್ದಾನೆ. ನಮ್ಮ ಮಿಕೈಲ್ ಕಮಾರಾ ಅಲ್ಲಿಂದ ನುಗ್ಗಿದರೆ ದಾರಿ ಸಿಗಬಹುದು. ಅಜ್ಜನೂ ಹಾಗೇ ಹೇಳುತ್ತಾರೆ.

ಅಜ್ಜ, ಅಜ್ಜಿ ಶನಿವಾರ ನಮ್ಮ ಮನೆಗೇ ಬರುತ್ತಾರೆ. ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡುತ್ತೇನೆ. ಇಲ್ಲಿ ಮಧ್ಯಾಹ್ನ 12ಕ್ಕೆ ಶುರು. ಅಂದರೆ ನಿಮಗೆ ರಾತ್ರಿ ಹತ್ತೂವರೆ. ನಾನು ಟಿವಿ ಎದುರು ಫೋನ್ ಇಟ್ಟು ಕಾಲ್ ಮಾಡುತ್ತೇನೆ, ತಮ್ಮನಿಗೆ ಫೋನ್ ಚಾರ್ಜ್ ಮಾಡಿಟ್ಟಿರಲು ಹೇಳಿ. ಮೊದಲರ್ಧವಾದರೂ ನನ್ನ ಜೊತೆ ನೋಡಿ ಅಪ್ಪಾ. ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. ಎಷ್ಟು ಅಂಕದ ಅಂತರ ಆದರೆ ಡಿಸೆಂಬರ್ 8ರ ಪಟ್ಟಿಯಲ್ಲಿ ಉಳಿಯಬಹುದು ಅಂತ ನಿಮ್ಮ ಅಂದಾಜು ನನಗೆ ಬೇಕು.

ಅವ್ವಾ, ಮೊಣಕಾಲಿಗೆ ಎಣ್ಣೆ ಹಚ್ಚುವುದು ಬಿಡಬೇಡ. ಅಪ್ಪ ಬಿಪಿ ಗುಳಿಗೆ ತೆಗೆದುಕೊಂಡ ಮೇಲೇ ಮ್ಯಾಚ್ ನೋಡಲು ಕೂರಲಿ.

ನಿಮ್ಮ ಪ್ರೀತಿಯ ಮಗಳು