ಕ್ವಾಂಟಮ್ ಯಂತ್ರಕ್ಕೆ ಪ್ರಶ್ನೆ ಬರೆದುಕೊಡುವವರು ಯಾರು?

ಮಾನ್ಯರೇ,

ಕ್ವಾಂಟಮ್ ಕಂಪ್ಯೂಟರ್ ಎಲ್ಲ ಉತ್ತರಗಳನ್ನೂ ಒಂದೇ ಏಟಿಗೆ ಹುಡುಕಿ ಸರಿಯಾದದ್ದನ್ನು ಕೈಗಿಡುತ್ತದೆ ಎಂಬ ಮಾತು ಪತ್ರಿಕೆಗಳಲ್ಲಿ ಪದೇ ಪದೇ ಬರುತ್ತದೆ. ಪದವಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುವ ನನಗೆ ಅದನ್ನು ಓದಿದಾಗಲೆಲ್ಲ ಕಿರಿಕಿರಿ. ಯಂತ್ರಕ್ಕೆ ಪ್ರಶ್ನೆಯನ್ನು ಲೆಕ್ಕವಾಗಿ ಬರೆದುಕೊಡುವ ಕೆಲಸದ ಮಾತೇ ಅಲ್ಲಿರುವುದಿಲ್ಲ.

ಕಳೆದ ಸೆಮಿಸ್ಟರ್ ಪರೀಕ್ಷೆಯ ಕೊಠಡಿ ಡ್ಯೂಟಿ ಪಟ್ಟಿ ನನ್ನ ಕೊರಳಿಗೆ ಬಿತ್ತು. ಹತ್ತು ಉಪನ್ಯಾಸಕರು, 20 ಅವಧಿ, ಒಂದೊಂದಕ್ಕೆ ಇಬ್ಬರು. ಕ್ವಾಂಟಮ್ ಕಂಪ್ಯೂಟರ್ ತಯಾರಿಸುವ ಡಿ-ವೇವ್ ಕಂಪನಿಯ ‘ಓಷನ್’ ಎಂಬ ಸಲಕರಣೆ (ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯದ್ದು) ಉಚಿತವಾಗಿ ಸಿಗುತ್ತದೆ. ಕಾದ ಲೋಹ ನಿಧಾನಕ್ಕೆ ಆರುವುದನ್ನು ಅನುಕರಿಸಿ, ಒಟ್ಟು ಖರ್ಚು ಆದಷ್ಟು ಕಡಿಮೆ ಇರುವ ಉತ್ತರ ಹುಡುಕುವ ‘ಸಿಮ್ಯುಲೇಟೆಡ್ ಅನೀಲಿಂಗ್’ ವಿಧಾನ ಅದರಲ್ಲಿದೆ, ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ. ಆ ಕಂಪನಿಯ ಕ್ವಾಂಟಮ್ ಯಂತ್ರಕ್ಕೆ ಕಳಿಸುವ ಕೋಡೂ ಹೆಚ್ಚುಕಡಿಮೆ ಇದೇ.

‘ಇವರು ಈ ಅವಧಿಗೆ’ ಎಂಬುದು ಒಂದು ಚರಾಕ್ಷರ: ಹಾಕಿದರೆ 1, ಇಲ್ಲದಿದ್ದರೆ 0. ಒಟ್ಟು 200. ‘ಇಬ್ಬರೇ ಇರಬೇಕು’ ಎಂಬ ಷರತ್ತನ್ನು ದಂಡವಾಗಿ ಬರೆಯಬೇಕು: ಆ ಅವಧಿಯ ಹತ್ತನ್ನೂ ಕೂಡಿ, 2 ಕಳೆದು, ವರ್ಗ ಮಾಡಿ. 0 ಮತ್ತು 1ರ ವರ್ಗ ಅವೇ ಆದ್ದರಿಂದ, ವಿಸ್ತರಿಸಿದರೆ ಪ್ರತಿ ಚರಾಕ್ಷರಕ್ಕೆ −3, ಪ್ರತಿ ಜೋಡಿಗೆ +2, ಕೊನೆಗೊಂದು 4. ಕೋಡಿನಲ್ಲಿ ತುಂಬುವುದು ಈ ಸಹಗುಣಕಗಳನ್ನೇ. ಹೈಸ್ಕೂಲ್ ಬೀಜಗಣಿತ, ಅಷ್ಟೇ.

ಮೊದಲ ಸಲ ದಂಡದ ತೂಕ, ಅಂದರೆ ದಂಡವನ್ನು ಗುಣಿಸುವ ಸಂಖ್ಯೆ, 1 ಇಟ್ಟೆ. ಒಬ್ಬರನ್ನು ಡ್ಯೂಟಿಗೆ ಹಾಕಿದರೆ ಕನಿಷ್ಠ 5 ಅಂಕದ ಅನಾನುಕೂಲ, ದೂರದಿಂದ ಬರುವವರಿಗೆ ಬೆಳಗಿನ ಅವಧಿಯಾದರೆ 9 ಎಂದು ಬರೆದಿದ್ದೆ. ಬಂದ ಪಟ್ಟಿಯಲ್ಲಿ 20 ಅವಧಿಗೂ ಯಾರೂ ಇಲ್ಲ! ಯಂತ್ರದ್ದೇನೂ ತಪ್ಪಿಲ್ಲ. ಖಾಲಿ ಬಿಟ್ಟರೆ ದಂಡ 4, ಇಬ್ಬರನ್ನು ಹಾಕಿದರೆ ಖರ್ಚು 10, ಅಗ್ಗದ್ದನ್ನು ಆರಿಸಿತು. ಸಿಟ್ಟಿನಲ್ಲಿ ತೂಕವನ್ನು 1000ಕ್ಕೆ ಏರಿಸಿದೆ. ಪಟ್ಟಿ ತುಂಬಿತು, ಆದರೆ ಆ ಸಾವಿರದ ಮುಂದೆ 5ಕ್ಕೂ 9ಕ್ಕೂ ಇರುವ ವ್ಯತ್ಯಾಸ ಲೆಕ್ಕಕ್ಕೇ ಬರಲಿಲ್ಲ. ತೀರ್ಥಹಳ್ಳಿಯಿಂದ ಬಸ್ಸಿಗೆ ಬರುವವರಿಗೇ ಬೆಳಗಿನ ಸರದಿ. 20ರ ಆಸುಪಾಸಿಗೆ ಇಳಿಸಿದ ಮೇಲೆ ಹದಕ್ಕೆ ಬಂತು. ಈ ಹದ ಹುಡುಕುವುದರಲ್ಲೇ ಎರಡು ಸಂಜೆ ಹೋಯಿತು.

ನಿಜವಾದ ಯಂತ್ರವಾದರೆ ಇನ್ನೊಂದು ಫಜೀತಿ. ಡಿ-ವೇವ್‌ನ 2020ರ ‘ಅಡ್ವಾಂಟೇಜ್’ ಯಂತ್ರದಲ್ಲಿ 5000ಕ್ಕೂ ಹೆಚ್ಚು ಕ್ಯೂಬಿಟ್‌ಗಳಿದ್ದರೂ (ಚರಾಕ್ಷರದ 0 ಅಥವಾ 1 ಕೂರುವ ಕ್ವಾಂಟಮ್ ಘಟಕಗಳು) ಒಂದೊಂದಕ್ಕೆ ನೇರ ನಂಟು 15ರ ಜೊತೆ ಮಾತ್ರ. ‘ಎಲ್ಲರಿಗೂ ನಾಲ್ಕೇ ಡ್ಯೂಟಿ’ ಎಂಬ ಷರತ್ತನ್ನೂ ಸೇರಿಸಿದಾಗ ನನ್ನ ಒಂದೊಂದು ಚರಾಕ್ಷರಕ್ಕೆ 28 ನೆಂಟರು: ಅದೇ ಅವಧಿಯ ಉಳಿದ 9, ಅದೇ ಉಪನ್ಯಾಸಕರ ಉಳಿದ 19. ಹಾಗಾಗಿ ಹಲವು ಕ್ಯೂಬಿಟ್‌ಗಳನ್ನು ಸರಪಳಿ ಕಟ್ಟಿ, ಅವೆಲ್ಲ ಸೇರಿ ಒಂದೇ ಎಂಬಂತೆ ನಡೆಸಬೇಕು.

ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಕೇಂದ್ರ ಸರ್ಕಾರ 2023ರಲ್ಲಿ 6,003 ಕೋಟಿ ರೂಪಾಯಿಗೂ ಹೆಚ್ಚು ಮಂಜೂರು ಮಾಡಿತು. ಅದರ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಯಂತ್ರಗಳು ಬರಲಿ, ಸಂತೋಷ. ಪ್ರಶ್ನೆ ಬರೆಯುವ ಅಭ್ಯಾಸಕ್ಕೆ ಅಷ್ಟು ಕಾಯಬೇಕಿಲ್ಲ, ನಮ್ಮ ಕಾಲೇಜಿನ ಹಳೆಯ ಲ್ಯಾಬ್ ಸಾಕು. ಬಿಎಸ್ಸಿ ಗಣಿತದ ಪ್ರಾಯೋಗಿಕ ತರಗತಿಗೆ ಇಂಥ ಒಂದೆರಡು ಲೆಕ್ಕ ಸೇರಿಸಿ ಎಂದು ಪಠ್ಯಕ್ರಮ ರೂಪಿಸುವವರನ್ನು ಕೇಳುತ್ತೇನೆ.

ಅಂದ ಹಾಗೆ, ಪಟ್ಟಿ ನೋಟಿಸ್ ಬೋರ್ಡಿಗೆ ಹೋದ ದಿನವೇ ಭೌತಶಾಸ್ತ್ರದ ಸಹೋದ್ಯೋಗಿ ಬಂದು, ‘ಎರಡು ಶನಿವಾರವೂ ನನಗೇ ಬಂದಿದೆಯಲ್ಲ ಮೇಡಂ’ ಎಂದರು. ಶನಿವಾರಕ್ಕೆಂದು ನಾನು ಒಂದು ಪದವನ್ನೂ ಬರೆದಿರಲಿಲ್ಲ.

– ಗಣಿತ ಉಪನ್ಯಾಸಕಿ, ಶಿವಮೊಗ್ಗ