ಎರಡಕ್ಷರದ ಕಡಿವಾಣ

ಮಾಟುಂಗಾ, ಮುಂಬಯಿ

ಚಿ. ಸೌ. ವೀಣಾಳಿಗೆ ಮಾವನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಡೊಂಬಿವಲಿಯ ನಿನ್ನ ಹೊಸ ಬ್ಯೂಟಿ ಪಾರ್ಲರಿನ ಬೋರ್ಡಿನ ಫೋಟೊ ಮೊಬೈಲಿಗೆ ಬಂತು. ಬಣ್ಣ ಚೆನ್ನಾಗಿದೆ, ಅಕ್ಷರಗಳು ದುಂಡಗಿವೆ. ಆದರೆ ‘ಬ್ರೈಡಲ್ ಮೇಕಪ್’ ಎಂಬಲ್ಲಿ, ಬ್ರೈಡಲ್‌ನ ಕೊನೆಗೆ ಎ-ಎಲ್ ಇರಬೇಕಾದ ಕಡೆ ಎಲ್-ಇ ಬಂದು ಕುಳಿತಿದೆ. ಈಗಿರುವ ಸ್ಪೆಲಿಂಗಿನ ಪ್ರಕಾರ ನೀನು ಸಿಂಗರಿಸುವುದು ಮದುಮಗಳನ್ನಲ್ಲ, ಕುದುರೆಯ ಕಡಿವಾಣವನ್ನು. ಫೋನಿನಲ್ಲಿ ಹೇಳಿದರೆ ಮರುಕ್ಷಣವೇ ಆ ಪೇಂಟರನ ಮೇಲೆ ಹರಿಹಾಯುತ್ತೀಯೆ ಎಂದು ಗೊತ್ತು. ಅದಕ್ಕೇ ಈ ಕಾಗದ. ಪೂರ್ತಿ ಓದಿದ ಮೇಲೆ ಅವನನ್ನು ಕರೆಸು.

ತಪ್ಪು ಅವನೊಬ್ಬನದೇ ಅಲ್ಲ. ನೀನು ಬಾಯಲ್ಲಿ ಹೇಳಿದೆ, ಅವನು ಕಿವಿಯನ್ನು ನಂಬಿ ಬರೆದ. ಎರಡೂ ಪದಗಳ ಉಚ್ಚಾರ ಒಂದೇ. ಕನ್ನಡದಲ್ಲಿ ಬರೆದರೂ ಮರಾಠಿಯಲ್ಲಿ ಬರೆದರೂ ವ್ಯತ್ಯಾಸ ಕಾಣುವುದಿಲ್ಲ. ಇಂಥ ಜೋಡಿಗಳನ್ನು ಬಾಯಿಪಾಠ ಮಾಡಿದರೆ ವಾರದೊಳಗೆ ಮರೆತುಹೋಗುತ್ತವೆ. ಪದದ ತವರುಮನೆ ಯಾವುದೆಂದು ತಿಳಿದುಕೊಂಡರೆ ಮರೆಯುವುದಿಲ್ಲ.

ಎ-ಎಲ್ ಇರುವ ಬ್ರೈಡಲ್ ಮೂಲದಲ್ಲಿ ಒಂದು ಸಮಾಸ. ಬ್ರೈಡ್ ಎಂದರೆ ವಧು, ಏಲ್ ಎಂದರೆ ಅವರ ನಾಡಿನ ಧಾನ್ಯದ ಮದ್ಯ. ಮದುವೆಯಲ್ಲಿ ಕುಡಿಯುವ ಏಲ್‌ನಿಂದ ಮದುವೆಯ ಔತಣಕ್ಕೇ ಆ ಹೆಸರು ಬಂತು. ಆಮೇಲಿನವರು ಕೊನೆಯ ‘ಅಲ್’ ಲ್ಯಾಟಿನ್ನಿನ ಪ್ರತ್ಯಯವೆಂದು ಭಾವಿಸಿದರು. ಮದ್ಯ ಇಳಿದುಹೋಗಿ ‘ಮದುವಣಗಿತ್ತಿಗೆ ಸಂಬಂಧಿಸಿದ’ ಎಂಬ ಅರ್ಥ ನಿಂತಿತು. (ನಿನ್ನ ಅಜ್ಜಿಗೆ ಇದನ್ನು ಹೇಳಬೇಡ, ಬೋರ್ಡನ್ನೇ ಇಳಿಸಿಬಿಡು ಎನ್ನುತ್ತಾರೆ.) ಎಲ್-ಇ ಇರುವ ಕಡಿವಾಣದ ಪದ ಹುಟ್ಟಿದ್ದು ಸರಕ್ಕನೆ ಎಳೆ, ಹೆಣೆ ಎಂಬರ್ಥದ ಹಳೆಯ ಕ್ರಿಯಾಪದದಿಂದ. ನಿನ್ನ ದರಪಟ್ಟಿಯಲ್ಲಿ ಜಡೆ ಹೆಣೆಯುವುದಕ್ಕೆ ‘ಬ್ರೇಡ್’ ಎಂದಿದೆಯಲ್ಲ, ಅದೂ ಅದೇ ತಾಯಿಯ ಮಗಳು. ಪೇಂಟರು ತೀರ ಬೀದಿಯ ಪದವನ್ನೇನೂ ನಿನ್ನ ಅಂಗಡಿಗೆ ತಂದಿಲ್ಲ.

ಕೆಳಸಾಲಿನಲ್ಲಿ ‘ಬ್ರೈಡ್‌ಗ್ರೂಮ್’, ‘ಗ್ರೂಮಿಂಗ್’ ಎಂದೂ ಬರೆಸಿದ್ದೀಯೆ. ಇವುಗಳ ಸ್ಪೆಲಿಂಗ್ ಸರಿಯಾಗಿದೆ. ತಮಾಷೆ ಎಂದರೆ ಬ್ರೈಡ್‌ಗ್ರೂಮ್ ಎಂಬ ಪದವೇ ಕಿವಿ ಮಾಡಿದ ತಪ್ಪು. ಹಳೆಯ ಇಂಗ್ಲಿಷಿನಲ್ಲಿ ವಧು ಎಂಬುದಕ್ಕೆ ‘ಗುಮ’ ಸೇರಿಸಿ ವರ ಎನ್ನುತ್ತಿದ್ದರು. ಗುಮ ಎಂದರೆ ಗಂಡಸು. ಆ ಪದ ಬಳಕೆ ತಪ್ಪಿತು. ಗುಮ ಯಾರೆಂದೇ ತಿಳಿಯದ ಜನ 16ನೇ ಶತಮಾನದ ಹೊತ್ತಿಗೆ ಆ ಜಾಗದಲ್ಲಿ ತಮಗೆ ಪರಿಚಯವಿದ್ದ ‘ಗ್ರೂಮ್’ನನ್ನು ಕೂರಿಸಿದರು. ಗ್ರೂಮ್ ಎಂದರೆ ಹುಡುಗ, ಆಳು. ಮುಂದೆ ಕುದುರೆ ನೋಡಿಕೊಳ್ಳುವ ಆಳು, ಮಹಾಲಕ್ಷ್ಮಿ ರೇಸ್‌ಕೋರ್ಸಿನವರ ಮಾತಿನಲ್ಲಿ ಸೈಸ್. ಜರ್ಮನ್ನರ ಬ್ರಾಯ್ಟಿಗಾಮ್‌ನಲ್ಲಿ ಆ ಗುಮ ಇಂದಿಗೂ ಗಾಮ್ ಆಗಿ ಬದುಕಿದ್ದಾನೆ. ನಿಮ್ಮ ಕಡೆ ಬ್ಯಾಂಡು ಬಾರಿಸಿಕೊಂಡು ಕುದುರೆಯ ಮೇಲೆ ವರನ ಮೆರವಣಿಗೆ ಹೋಗುತ್ತದಲ್ಲ, ಒಮ್ಮೆ ನಿಂತು ನೋಡು: ಲಗಾಮು ಹಿಡಿದು ಮುಂದೆ ನಡೆಯುವ ಬಡಪಾಯಿಯೇ ಅಸಲು ಗ್ರೂಮ್. ಮೇಲೆ ಕುಳಿತವನದು ಎರವಲು ಹೆಸರು. ಗ್ರೂಮಿಂಗ್ ಕೂಡ ಮೊದಲು ಕುದುರೆಗೆ ಮಾಲೀಸು ಮಾಡಿ, ಮೈ ಬಾಚುವ ಕೆಲಸ. ಮನುಷ್ಯರ ಮುಖಕ್ಕೆ ಬಂದದ್ದು ತಡವಾಗಿ.

ಇಂಗ್ಲಿಷರೇ ಇಷ್ಟು ದೊಡ್ಡ ತಪ್ಪನ್ನು ನಿಘಂಟಿಗೆ ಸೇರಿಸಿಕೊಂಡಿರುವಾಗ ನಿನ್ನ ಪೇಂಟರನ ಕೂಲಿ ಮುರಿಯುವುದು ಬೇಡ. ಕೂಲಿ ಮುರಿಸಿಕೊಂಡವನ ಹೊಟ್ಟೆಯುರಿ ನನಗೆ ಗೊತ್ತು. ಫೋರ್ಟಿನ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದ ಕಾಲ. ಒಂದು ಕಂಪನಿಯ ವಾರ್ಷಿಕ ವರದಿಯಲ್ಲಿ, ವ್ಯವಸ್ಥಾಪಕರಿಗೆ ಲಗಾಮು ಸಡಿಲ ಬಿಟ್ಟಿದ್ದೇವೆ ಎಂಬರ್ಥದ ‘ಫ್ರೀ ರೇನ್’ ಇತ್ತು. ಆರ್-ಇ-ಐ-ಎನ್ ಸಾಕು, ನಡುವೆ ಒಂದು ಜಿ ನುಸುಳಿತ್ತು. ಜಿ ಬಂದರೆ ಅದು ಆಳ್ವಿಕೆಯಾಗುತ್ತದೆ. ರಾಜ್ಯ ಎಂಬರ್ಥದ ಲ್ಯಾಟಿನ್ನಿನ ‘ರೆಗ್ನುಮ್’ನಿಂದ ಉಳಿದ ಜಿ ಅದು. ಲಗಾಮಿನ ರೇನ್ ಹಿಡಿದಿಡು ಎಂಬರ್ಥದ ‘ರೆಟಿನೇರೆ’ಯಿಂದ ಬಂದದ್ದು, ಅಲ್ಲಿ ಜಿಗೆ ಜಾಗವೇ ಇಲ್ಲ. ನನಗೆ ಇದು ಗೊತ್ತಿಲ್ಲದೆ ಇರಲಿಲ್ಲ. ಆದರೆ ಸ್ವತಂತ್ರ ಆಳ್ವಿಕೆ ಎಂದರೂ ಅರ್ಥ ಕೂಡುತ್ತದಲ್ಲ, ಕಣ್ಣು ಜಾರಿಕೊಂಡು ಮುಂದೆ ಹೋಯಿತು. ಆ ಹಾಳೆಗಳ ಮರುಮುದ್ರಣದ ಖರ್ಚನ್ನು ಮೂರು ತಿಂಗಳು ನನ್ನ ಸಂಬಳದಲ್ಲಿ ಹಿಡಿದರು. ಆ ವರ್ಷ ನಿನ್ನ ಅತ್ತೆಗೆ ದೀಪಾವಳಿಯ ಸೀರೆ ಬರಲಿಲ್ಲ; ಅವಳು ಅದನ್ನು ಇನ್ನೂ ಎತ್ತಿ ಆಡುತ್ತಾಳೆ.

ಮಧ್ಯಾಹ್ನದ ಡಬ್ಬಿ ಮುಗಿಸಿ, ‘ಕಪ್ಪು ಕುದುರೆ’ ಎಂಬರ್ಥದ ಹೆಸರಿನ ಕಾಲಾ ಘೋಡಾದವರೆಗೆ ನಡೆದು ಬರುತ್ತಿದ್ದೆವು. ಆ ಹೆಸರು ತಂದುಕೊಟ್ಟ, ಸವಾರನಿದ್ದ ಕುದುರೆಯ ಪ್ರತಿಮೆಯನ್ನು 1965ರಲ್ಲೇ ಕಿತ್ತು ಬೈಕುಲಾಕ್ಕೆ ಸಾಗಿಸಿದ್ದರು. ಕುದುರೆಯಿಲ್ಲದೆ ಹೆಸರೊಂದೇ ಅರ್ಧ ಶತಮಾನ ನಿಂತಿತ್ತು. 2017ರಲ್ಲಿ ಹೊಸ ಕಪ್ಪು ಕುದುರೆ ಬಂತು, ಸವಾರನಿಲ್ಲದೆ. ಪದಗಳ ಗತಿಯೂ ಬಹುಮಟ್ಟಿಗೆ ಹೀಗೆಯೇ.

ಇಷ್ಟು ಓದಿದ ಉತ್ಸಾಹದಲ್ಲಿ ಎಲ್ಲ ಪದದಲ್ಲೂ ಕುದುರೆ ಹುಡುಕಲು ಹೊರಡಬೇಡ. ಕೆಟ್ಟ ಕನಸಿನ ನೈಟ್‌ಮೇರ್‌ನಲ್ಲಿರುವ ‘ಮೇರ್’ ಹೆಣ್ಣು ಕುದುರೆಯಲ್ಲ. ಮಲಗಿದವರ ಎದೆಯೇರಿ ಕೂರುವ ಪಿಶಾಚಿಗೆ ಆ ಹೆಸರಿತ್ತು. ಕಾಣದ ಕಡೆ ಕುದುರೆ ಇರುವುದೂ ಉಂಟು: ಪೊಲೀಸ್ ಕಾನ್‌ಸ್ಟೇಬಲ್ ಎಂದರೆ ಮೂಲದಲ್ಲಿ ಲಾಯದ ಅಧಿಕಾರಿ, ಮುಂಬಯಿಯ ರಸ್ತೆಯಲ್ಲಿ ಉಗುಳಿದರೆ ದಂಡ ಹಾಕುತ್ತಿದ್ದ ಮಾರ್ಷಲ್ ಕುದುರೆಯ ಆಳು. ಅನುಮಾನ ಬಂದರೆ ಊಹೆ ಮಾಡದೆ ನಿಘಂಟು ನೋಡು. ಮುಂದಿನ ಸಲ ಏನನ್ನೇ ಬರೆಸುವಾಗಲೂ ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಟ್ಟು, ಬಣ್ಣ ಹಚ್ಚುವ ಮೊದಲು ಪೆನ್ಸಿಲ್ಲಿನ ಗೆರೆಯನ್ನು ನೀನೇ ಒಮ್ಮೆ ಓದು.

ಎರಡೂ ಪದಗಳಿಗೆ ಆರಾರೇ ಅಕ್ಷರ, ಆದ್ದರಿಂದ ಬೋರ್ಡು ಹೊಸದಾಗಿ ಮಾಡಿಸಬೇಕಾಗಿಲ್ಲ. ಕೊನೆಯ ಎರಡನ್ನು ಅಳಿಸಿ ಎ, ಎಲ್ ಬರೆದರೆ ಮುಗಿಯಿತು. ಒಂದು ಗಂಟೆಯ ಕೆಲಸ. ಆ ಗಂಟೆಗೆ ಅವನಿಗೆ ಚಹಾದ ಜೊತೆ ಏನಾದರೂ ಕೊಡು. ಅಳಿಸುವ ಮೊದಲು ಇನ್ನೊಂದು ಫೋಟೊ ತೆಗೆದು ನನಗೆ ಕಳಿಸು, ನಮ್ಮ ಹಳೆಯ ಪ್ರೆಸ್ಸಿನ ಗೆಳೆಯರಿಗೆ ತೋರಿಸಬೇಕು.

ಇಂತಿ ನಿನ್ನ
ಮಾವ